ಸೆಟ್ಟಿಂಗ್ಸ್ ಎಲ್ಲಾ ಆಬ್ಜೆಕ್ಟ್‌ಗಳಿಗೂ ತಲುಪಿಸುವುದು ಹೇಗೆ? ಗ್ಲೋಬಲ್ಲಾ, ಸಿಂಗಲ್‌ಟನ್ನಾ, ಕನ್‌ಸ್ಟ್ರಕ್ಟರಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತುಪ್ಪ, ಬೆಣ್ಣೆ, ಹಪ್ಪಳ, ಸಂಡಿಗೆ ಮಾರುವ ಒಂದು ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಈಗ ನನ್ನ ಕೈಗೆ ಬಂದಿದೆ. ಫ್ರೇಮ್‌ವರ್ಕ್ ಇಲ್ಲ, ಬರೀ ಪಿಎಚ್‌ಪಿ 8.2. ಹಿಂದೆ ಬರೆದವರು ಕ್ಲಾಸ್‌ಗಳನ್ನು ಚೆನ್ನಾಗಿಯೇ ಮಾಡಿದ್ದಾರೆ: ಡೇಟಾಬೇಸ್, ಆರ್ಡರ್, ಬಿಲ್, ಮೇಲರ್, ಎಸ್‌ಎಂಎಸ್. ತಲೆನೋವು ಇರುವುದು ಸೆಟ್ಟಿಂಗ್ಸ್ ವಿಷಯದಲ್ಲಿ.

ಕಾನ್ಫಿಗ್ ಫೈಲ್ ಒಂದೇ. ಅದರಲ್ಲಿ ಒಂದು ದೊಡ್ಡ ಅರೇ. ಡೇಟಾಬೇಸ್ ಪಾಸ್‌ವರ್ಡ್‌ನಿಂದ ಹಿಡಿದು ಜಿಎಸ್‌ಟಿ ದರದವರೆಗೆ ಎಲ್ಲವೂ ಅಲ್ಲೇ ಇದೆ. ಹಳೇ ಕ್ಲಾಸ್‌ಗಳಲ್ಲಿ ಯಾವ ಮೆಥಡ್ ತೆರೆದರೂ ಮೊದಲ ಸಾಲು 'ಗ್ಲೋಬಲ್ ಕಾನ್ಫಿಗ್'. ಕೆಲವು ಕಡೆ ಡೆಫೈನ್ ಮಾಡಿದ ಕಾನ್‌ಸ್ಟಂಟ್‌ಗಳು. ಆಮೇಲೆ ಸೇರಿಸಿದ ಕ್ಲಾಸ್‌ಗಳಲ್ಲಿ ಒಂದು ಸಿಂಗಲ್‌ಟನ್ (ಇಡೀ ಪ್ರೋಗ್ರಾಮಿಗೆ ಒಂದೇ ಇರುವ ಆಬ್ಜೆಕ್ಟ್) ಇದೆ, ಗೆಟ್‌ಇನ್‌ಸ್ಟನ್ಸ್ ಕರೆದು ಬೇಕಾದ ಕೀ ಕೇಳಬೇಕು.

ಈಗ ಮಾಲೀಕರು ಎರಡನೇ ಅಂಗಡಿ ತೆರೆಯುತ್ತಿದ್ದಾರೆ. ಒಂದು ಶಿವಮೊಗ್ಗ, ಇನ್ನೊಂದು ಹುಬ್ಬಳ್ಳಿ. ಕೋಡ್ ಒಂದೇ. ಬಿಲ್ ನಂಬರಿನ ಪ್ರಿಫಿಕ್ಸ್ ಮತ್ತು ಮೇಲ್ ಹೋಗುವ ವಿಳಾಸ ಬೇರೆ ಬೇರೆ. ರಾತ್ರಿ ತಾನಾಗಿಯೇ ಓಡುವ ಕೆಲಸ, ಅಂದರೆ ಕ್ರಾನ್, ಎರಡೂ ಅಂಗಡಿಯ ಲೆಕ್ಕ ತೆಗೆದು ಮೇಲ್ ಮಾಡಬೇಕು. ಓಡಿಸಿ ನೋಡಿದರೆ ಹುಬ್ಬಳ್ಳಿಯ ವರದಿಯೂ ಶಿವಮೊಗ್ಗದ ವಿಳಾಸದಿಂದಲೇ ಹೋಗುತ್ತಿದೆ. ಸಿಂಗಲ್‌ಟನ್ ಮೊದಲ ಸಲ ಓದಿದ್ದನ್ನೇ ಹಿಡಿದುಕೊಂಡು ಕೂತಿರುತ್ತದೆ.

ಇಷ್ಟೊಂದು ಕ್ಲಾಸ್‌ಗಳಿಗೆ ಒಂದೇ ಸೆಟ್ಟಿಂಗ್ಸ್ ಹಂಚಲು ಸರಿಯಾದ ದಾರಿ ಯಾವುದು? ನೀವೆಲ್ಲ ಹೇಗೆ ಮಾಡುತ್ತೀರಿ?

ಬಯಲುಸೀಮೆ

ನಾನು ಡೆಫೈನ್ ಪಕ್ಷ. ಪಿಎಚ್‌ಪಿಯಲ್ಲಿ ಪ್ರತಿ ರಿಕ್ವೆಸ್ಟ್ ಹೊಸದಾಗಿ ಶುರುವಾಗಿ ಕೊನೆಯಲ್ಲಿ ಎಲ್ಲ ಅಳಿಸಿಹೋಗುತ್ತದೆ. ಜಾವಾ ಸರ್ವರ್ ಹಾಗೆ ದಿನಗಟ್ಟಲೆ ಮೆಮೊರಿಯಲ್ಲಿ ಕೂರುವುದಿಲ್ಲ. ಹಾಗಾಗಿ ಗ್ಲೋಬಲ್ ಅಂದ ತಕ್ಷಣ ಹೆದರಬೇಕಾಗಿಲ್ಲ. ಕಾನ್‌ಸ್ಟಂಟ್ ಆದರೆ ಮಧ್ಯದಲ್ಲಿ ಯಾರೂ ಬದಲಾಯಿಸಲೂ ಆಗುವುದಿಲ್ಲ. ಓದುವವರಿಗೂ ಸುಲಭ. ಸಣ್ಣ ಸೈಟಿಗೆ ದೊಡ್ಡ ಡಿಸೈನ್ ಹಾಕಿ ಕಷ್ಟಪಡುವುದು ಯಾಕೆ?

ಎರಡು ಅಂಗಡಿ ವಿಷಯಕ್ಕೆ ಕ್ರಾನ್ ಅನ್ನು ಎರಡು ಸಲ ಓಡಿಸಿ. ಒಂದೊಂದು ಸಲ ಒಂದೊಂದು ಕಾನ್ಫಿಗ್ ಫೈಲ್. ಮುಗಿಯಿತು.

ಸರ್ವರ್‌ಕೋಣೆ

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಯಲ್ಲಿ 'ಹಂಚಲು' ಅಂದಿದ್ದೀರಲ್ಲ, ನನ್ನ ಪ್ರಕಾರ ಅಲ್ಲಿಂದಲೇ ಬೇರೆ ಥರ ಯೋಚಿಸಬೇಕು. ಸೆಟ್ಟಿಂಗ್ಸ್ ಹಂಚುವ ಅಗತ್ಯ ಬಹಳ ಕಡೆ ಇರುವುದೇ ಇಲ್ಲ.

ಒಂದು ಕ್ಲಾಸ್ ತೆಗೆದುಕೊಂಡು ಸಾಲು ಸಾಲು ನೋಡೋಣ. ಬಿಲ್ ಕ್ಲಾಸಿಗೆ ಡೇಟಾಬೇಸ್ ಪಾಸ್‌ವರ್ಡ್ ಯಾಕೆ ಬೇಕು? ಅದರೊಳಗೆ ಪಿಡಿಒ (ಡೇಟಾಬೇಸ್) ಕನೆಕ್ಷನ್ ತೆರೆಯುತ್ತಿರುವುದಕ್ಕೆ. ಆದರೆ ಬಿಲ್ಲಿಗೆ ನಿಜವಾಗಿ ಬೇಕಿರುವುದು ತೆರೆದಿರುವ ಕನೆಕ್ಷನ್, ಪಾಸ್‌ವರ್ಡ್ ಅಲ್ಲ. ಕನೆಕ್ಷನ್ ಬೇರೆ ಕಡೆ ತಯಾರಾಗಿ ಬಿಲ್ಲಿನ ಕೈಗೆ ಬಂದರೆ ನಾಲ್ಕು ಸೆಟ್ಟಿಂಗ್ ಒಮ್ಮೆಗೇ ಆಚೆ ಹೋದವು: ಹೋಸ್ಟ್, ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್. ಅದೇ ಥರ ಬಿಲ್ ಕ್ಲಾಸ್ ಗಿರಾಕಿಗೆ ಮೇಲ್ ಕಳಿಸುತ್ತದೆ ಅಂತ ಎಸ್‌ಎಂಟಿಪಿ ಹೋಸ್ಟ್, ಪೋರ್ಟ್ ಓದುತ್ತಿರುತ್ತದೆ. ಅದಕ್ಕೆ ಬೇಕಿರುವುದು ಒಂದು ಮೇಲರ್. ಅದೂ ಆಚೆ. ಕೊನೆಗೆ ಬಿಲ್ಲಿಗೆ ಅಂತ ಉಳಿಯುವುದು ಪ್ರಿಫಿಕ್ಸ್ ಒಂದೇ ಇರಬಹುದು. ಅದನ್ನು ಕನ್‌ಸ್ಟ್ರಕ್ಟರ್‌ನಲ್ಲಿ, ಅಂದರೆ ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್‌ನಲ್ಲಿ, ಕೊಟ್ಟುಬಿಡಿ.

ಕ್ಲಾಸಿನೊಳಗೆ ಸೆಟ್ಟಿಂಗ್ ಬೇಕು ಅನ್ನಿಸಿದಾಗ ಜಾಸ್ತಿ ಸಲ ಬೇಕಿರುವುದು ಆ ಸೆಟ್ಟಿಂಗ್‌ನಿಂದ ಮಾಡಿದ ಆಬ್ಜೆಕ್ಟ್. ಆ ಆಬ್ಜೆಕ್ಟನ್ನು ಹಂಚಿ. ಸೆಟ್ಟಿಂಗ್ ಅದರೊಳಗೇ ಇರಲಿ.

ಇದರಿಂದ ಇನ್ನೊಂದು ಲಾಭವೂ ಇದೆ. ಐದು ಕ್ಲಾಸ್ ಐದು ಕನೆಕ್ಷನ್ ತೆರೆದರೆ ಒಂದೊಂದು ರಿಕ್ವೆಸ್ಟಿಗೂ ಐದು. ಮೈಸೀಕ್ವೆಲ್‌ನಲ್ಲಿ ಒಟ್ಟು ಕನೆಕ್ಷನ್ ಮಿತಿ ನೀವಾಗಿ ಬದಲಿಸದಿದ್ದರೆ 151. ಹಬ್ಬದ ದಿನ ಗಿರಾಕಿಗಳು ಒಟ್ಟಿಗೆ ಬಂದರೆ 30 ಜನಕ್ಕೇ ಮಿತಿ ಮುಟ್ಟುತ್ತದೆ.

ಬಯಲುಸೀಮೆ ಅವರ ಮಾತಿಗೆ: ಕ್ರಾನ್ ಎರಡು ಸಲ ಓಡಿಸುವುದು ಇವತ್ತಿಗೆ ನಡೆಯುತ್ತದೆ. ನಾಳೆ ಮಾಲೀಕರು ಎರಡೂ ಅಂಗಡಿಯ ಮಾರಾಟ ಒಂದೇ ಪುಟದಲ್ಲಿ ತೋರಿಸಿ ಅಂದರೆ? ಒಂದೇ ರಿಕ್ವೆಸ್ಟ್‌ನಲ್ಲಿ ಎರಡು ಬಿಲ್ ಆಬ್ಜೆಕ್ಟ್, ಎರಡು ಪ್ರಿಫಿಕ್ಸ್ ಬೇಕು. ಕಾನ್‌ಸ್ಟಂಟ್ ಅಲ್ಲಿ ಕೈಕೊಡುತ್ತದೆ.

ಕರಾವಳಿಕೋಡ್

ಲಾರಾವೆಲ್‌ಗೆ ಬಂದುಬಿಡಿ ಸರ್. ಕಾನ್ಫಿಗ್ ಅನ್ನೋ ಹೆಲ್ಪರ್ ಫಂಕ್ಷನ್ ಇದೆ. ಎಲ್ಲಿ ಬೇಕಾದರೂ ಕರೆದರೆ ಆ ಸೆಟ್ಟಿಂಗ್‌ನ ಬೆಲೆ (ವ್ಯಾಲ್ಯೂ) ಬರುತ್ತದೆ. ಇಷ್ಟು ದೊಡ್ಡ ಫ್ರೇಮ್‌ವರ್ಕೇ ಹಾಗೆ ಮಾಡುವಾಗ ನಾವು ಯಾಕೆ ಬೇರೆ ಮಾಡಬೇಕು? ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್‌ನಲ್ಲೂ ಸೆಟ್ಟಿಂಗ್ಸ್ ಅಂತ ಒಂದನ್ನು ಇಂಪೋರ್ಟ್ ಮಾಡಿಕೊಂಡರೆ ಆಯ್ತು.

ತುಂಗಾತೀರ

ಸರ್ವರ್‌ಕೋಣೆ ಸರ್, ನೀವು ಹೇಳಿದ್ದು ಅರ್ಥವಾಯಿತು. ಆದರೆ ಎರಡು ಅನುಮಾನ.

ಒಂದು, ಹೀಗೆ ಮಾಡಿದರೆ ಕನ್‌ಸ್ಟ್ರಕ್ಟರ್ ಉದ್ದ ಆಗುತ್ತದೆ. ಎಸ್‌ಎಂಎಸ್ ಕ್ಲಾಸ್ ಒಂದಕ್ಕೇ ಗೇಟ್‌ವೇ ವಿಳಾಸ, ಎಪಿಐ ಕೀ, ಡಿಎಲ್‌ಟಿ ಅನ್ನುವ ಎಸ್‌ಎಂಎಸ್ ನೋಂದಣಿ ವ್ಯವಸ್ಥೆಯ ಎಂಟಿಟಿ ಐಡಿ (ಸಂಸ್ಥೆಯ ಗುರುತು), ಹೆಡರ್ (ಕಳಿಸುವವರ ಹೆಸರು), ಟೈಮ್‌ಔಟ್ ಇಷ್ಟೂ ಬೇಕು.

ಎರಡು, ಚೆಕ್‌ಔಟ್ ಕ್ಲಾಸ್ ಒಳಗೆ ಆರ್ಡರ್ ಹುಟ್ಟುತ್ತದೆ, ಆರ್ಡರ್ ಒಳಗೆ ಬಿಲ್ ಹುಟ್ಟುತ್ತದೆ, ಬಿಲ್ ಒಳಗೆ ಮೇಲರ್. ಮೇಲರ್‌ಗೆ ಒಂದು ಪೋರ್ಟ್ ನಂಬರ್ ತಲುಪಿಸಲು ಚೆಕ್‌ಔಟ್, ಆರ್ಡರ್, ಬಿಲ್ ಮೂರರ ಕನ್‌ಸ್ಟ್ರಕ್ಟರ್‌ನಲ್ಲೂ ಅದನ್ನು ಹೊತ್ತುಕೊಂಡು ಹೋಗಬೇಕಲ್ವಾ? ಅದಕ್ಕಿಂತ ಇಡೀ ಕಾನ್ಫಿಗ್ ಆಬ್ಜೆಕ್ಟನ್ನೇ ಎಲ್ಲರಿಗೂ ಕೊಟ್ಟರೆ ಒಂದೇ ಪ್ಯಾರಾಮೀಟರ್‌ನಲ್ಲಿ ಕೆಲಸ ಮುಗಿಯುತ್ತದೆ.

ಸರ್ವರ್‌ಕೋಣೆ

ಎರಡನೆಯದಕ್ಕೆ ಮೊದಲು ಬರುತ್ತೇನೆ. ಮುಖ್ಯ ಗಂಟು ಅಲ್ಲೇ ಇದೆ.

ಹೊತ್ತುಕೊಂಡು ಹೋಗುವ ಕಷ್ಟ ಬರುವುದು ಒಂದು ಆಬ್ಜೆಕ್ಟ್ ಇನ್ನೊಂದನ್ನು ತನ್ನ ಹೊಟ್ಟೆಯಲ್ಲಿ ನ್ಯೂ ಮಾಡಿಕೊಳ್ಳುವುದರಿಂದ, ಅಂದರೆ ತಾನೇ ಹುಟ್ಟಿಸಿಕೊಳ್ಳುವುದರಿಂದ. ಬಿಲ್ ಒಳಗೆ 'ನ್ಯೂ ಮೇಲರ್' ಅಂತ ಬರೆದಿದ್ದರೆ ಮೇಲರ್‌ಗೆ ಬೇಕಾದ್ದೆಲ್ಲ ಬಿಲ್ಲಿಗೂ ಗೊತ್ತಿರಬೇಕಾಗುತ್ತದೆ. ಆ ನ್ಯೂ ಅನ್ನು ತೆಗೆಯಿರಿ. ಇಂಡೆಕ್ಸ್ ಫೈಲಿನಲ್ಲಿ, ಅಂದರೆ ರಿಕ್ವೆಸ್ಟ್ ಒಳಬರುವ ಬಾಗಿಲಲ್ಲೇ, ಒಂದು ಕಡೆ ಕೂತು ಒಳಗಿನಿಂದ ಹೊರಕ್ಕೆ ಜೋಡಿಸಿ. ಮೊದಲು ಕಾನ್ಫಿಗ್ ಓದಿ. ಆಮೇಲೆ ಹೋಸ್ಟ್, ಪೋರ್ಟ್ ಕೊಟ್ಟು ಮೇಲರ್ ಮಾಡಿ. ಕನೆಕ್ಷನ್ ಮಾಡಿ. ಕನೆಕ್ಷನ್, ಮೇಲರ್, ಪ್ರಿಫಿಕ್ಸ್ ಕೊಟ್ಟು ಬಿಲ್ ಸೇವೆ ಮಾಡಿ. ಅದನ್ನು ಆರ್ಡರ್ ಸೇವೆಗೆ ಕೊಡಿ. ಅದನ್ನು ಚೆಕ್‌ಔಟ್‌ಗೆ. ಪೋರ್ಟ್ ನಂಬರ್ ಮೇಲರ್ ಬಿಟ್ಟು ಬೇರೆ ಯಾರ ಕೈಗೂ ಹೋಗಲಿಲ್ಲ ನೋಡಿ. ಹೊತ್ತು ತಿರುಗುವ ಪ್ರಶ್ನೆಯೇ ಬರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಆರ್ಡರ್ ಅಂದರೆ ಗಿರಾಕಿ ಕೊಟ್ಟ ಒಂದು ಆರ್ಡರ್, ಅದರ ಸಾಮಾನು, ಅದರ ಮೊತ್ತ. ಅಂಥದ್ದು ಬೇಕಾದಾಗೆಲ್ಲ ನ್ಯೂ ಆಗಲಿ, ತೊಂದರೆ ಇಲ್ಲ. ಅದಕ್ಕೆ ಯಾವ ಸೆಟ್ಟಿಂಗೂ ಬೇಡ. ಸೆಟ್ಟಿಂಗ್ ಬೇಕಾಗುವುದು ಮೇಲ್ ಕಳಿಸುವ, ಫೈಲ್ ಬರೆಯುವ, ಹೊರಗಿನ ಎಪಿಐ ಕರೆಯುವ ಕ್ಲಾಸ್‌ಗಳಿಗೆ. ನಿಮ್ಮ ಕೋಡ್‌ನಲ್ಲಿ ಇವೆರಡೂ ಬೆರೆತುಹೋಗಿವೆ ಅನ್ನಿಸುತ್ತದೆ. ಬೇರೆ ಮಾಡಿದರೆ ಕಾನ್ಫಿಗ್ ಬೇಡುವ ಕ್ಲಾಸ್‌ಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬರಬಹುದು.

ಇಡೀ ಕಾನ್ಫಿಗ್ ಆಬ್ಜೆಕ್ಟ್ ಕೊಡುವುದು ಬೇಡ. ಒಂದು ಕೋಣೆಯ ಬೀಗ ತೆಗೆಯಲು ಬಂದವರ ಕೈಗೆ ಮನೆಯ ಕೀಲಿಗೊಂಚಲು ಕೊಟ್ಟ ಹಾಗೆ. ಮೇಲರ್ ಕ್ಲಾಸ್ ತೆರೆದು ಕನ್‌ಸ್ಟ್ರಕ್ಟರ್ ನೋಡಿದರೆ 'ಕಾನ್ಫಿಗ್' ಅಂತ ಮಾತ್ರ ಇರುತ್ತದೆ. ಯಾವ ಕೀ ಬೇಕು ಅಂತ ತಿಳಿಯಲು ಇಡೀ ಫೈಲ್ ಓದಬೇಕು. ಕೀ ಹೆಸರು ಬದಲಾಯಿಸಿದರೆ ಯಾವ ಕ್ಲಾಸ್ ಮುರಿಯುತ್ತದೆ ಅಂತ ಎಡಿಟರ್‌ಗೂ ಗೊತ್ತಾಗುವುದಿಲ್ಲ. ಗ್ಲೋಬಲ್ ಹೋಯಿತು ಅನ್ನಿಸುತ್ತದೆ, ಅದರ ತೊಂದರೆಗಳು ಹಾಗೇ ಉಳಿದಿರುತ್ತವೆ.

ಡಿಐ ಕಂಟೇನರ್ (ಆಬ್ಜೆಕ್ಟ್‌ಗಳನ್ನು ತಾನೇ ಜೋಡಿಸಿಕೊಡುವ ಸಲಕರಣೆ) ಬಳಸಿದರೂ ಇದೇ ಮಾತು. ಕಂಟೇನರನ್ನೇ ಕ್ಲಾಸ್ ಒಳಗೆ ಕೊಟ್ಟು ಅಲ್ಲಿಂದ ಬೇಕಾದ್ದು ಎಳೆದುಕೊಳ್ಳುವುದು ಬೇಡ ಅಂತ 2017ರ ಪಿಎಸ್‌ಆರ್-11 ಅನ್ನುವ ಪಿಎಚ್‌ಪಿ ಮಾನದಂಡ ಕೂಡ ಹೇಳುತ್ತದೆ. ನಿಮ್ಮಷ್ಟು ಸೈಟಿಗೆ ಕಂಟೇನರೂ ಬೇಕಾಗಿಲ್ಲ. ಕೈಯಿಂದ ಜೋಡಿಸಿದ ಒಂದು ಫೈಲ್ ಸಾಕು.

ನೀಲಿಪರದೆ

ಉದ್ದ ಕನ್‌ಸ್ಟ್ರಕ್ಟರ್ ಬಗ್ಗೆ ನಾನು ಹೇಳುತ್ತೇನೆ. ಒಟ್ಟಿಗೆ ಓಡಾಡುವ ಬೆಲೆಗಳನ್ನು ಒಂದು ಪುಟ್ಟ ಕ್ಲಾಸ್ ಮಾಡಿ. ಎಸ್‌ಎಂಎಸ್‌ಸೆಟ್ಟಿಂಗ್ಸ್ ಅಂತ ಒಂದು: ಗೇಟ್‌ವೇ ವಿಳಾಸ, ಕೀ, ಎಂಟಿಟಿ ಐಡಿ, ಹೆಡರ್, ಟೈಮ್‌ಔಟ್. ಪಿಎಚ್‌ಪಿ 8.0ರಿಂದ ಕನ್‌ಸ್ಟ್ರಕ್ಟರ್‌ನಲ್ಲೇ ಪ್ರಾಪರ್ಟಿ ಘೋಷಿಸಬಹುದು, 8.2ರಿಂದ ಇಡೀ ಕ್ಲಾಸನ್ನೇ ರೀಡ್‌ಓನ್ಲಿ ಅನ್ನಬಹುದು. ಏಳೆಂಟು ಸಾಲಿನಲ್ಲಿ ಮುಗಿಯುತ್ತದೆ. ಒಮ್ಮೆ ಹುಟ್ಟಿದ ಮೇಲೆ ಯಾರೂ ಬದಲಾಯಿಸಲು ಆಗುವುದಿಲ್ಲ. ಬಯಲುಸೀಮೆ ಅವರು ಕಾನ್‌ಸ್ಟಂಟ್‌ನಲ್ಲಿ ಇಷ್ಟಪಟ್ಟ ಗುಣ ಇಲ್ಲೂ ಸಿಗುತ್ತದೆ, ಜೊತೆಗೆ ಅಂಗಡಿಗೊಂದರಂತೆ ಎಷ್ಟು ಬೇಕಾದರೂ ಮಾಡಬಹುದು.

ಈ ಪುಟ್ಟ ಕ್ಲಾಸ್‌ಗಳಲ್ಲಿ ನನಗೆ ತುಂಬ ಇಷ್ಟವಾಗುವುದು ಪರೀಕ್ಷೆ ಮಾಡುವ ಜಾಗ ಸಿಗುವುದು. ನಿಮ್ಮ ಬಿಲ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ, ಒಂದು ಹಣಕಾಸು ವರ್ಷದಲ್ಲಿ ಅದೇ ನಂಬರ್ ಮತ್ತೆ ಬರುವಂತಿಲ್ಲ. ನಿಮ್ಮ ನಂಬರ್ ಪ್ರಿಫಿಕ್ಸ್, ವರ್ಷ, ಕ್ರಮಸಂಖ್ಯೆ ಸೇರಿ ಆಗುತ್ತದೆ ಅಂದುಕೊಳ್ಳಿ. ವರ್ಷಕ್ಕೆ 4 ಅಂಕೆ, ಕ್ರಮಸಂಖ್ಯೆಗೆ 6, ನಡುವೆ ಎರಡು ಓರೆಗೆರೆ. 12 ಆಯಿತು. ಪ್ರಿಫಿಕ್ಸ್‌ಗೆ ಉಳಿದದ್ದು 4. ಬಿಲ್‌ಸೆಟ್ಟಿಂಗ್ಸ್ ಕನ್‌ಸ್ಟ್ರಕ್ಟರ್‌ನಲ್ಲೇ ಉದ್ದ ನೋಡಿ, 4 ಮೀರಿದರೆ ಎಕ್ಸೆಪ್ಶನ್ ಎಸೆಯಿರಿ. ಯಾರೋ ಹುಬ್ಬಳ್ಳಿಗೆ ಏಳಕ್ಷರದ ಪ್ರಿಫಿಕ್ಸ್ ಹಾಕಿದರೆ ಸೈಟ್ ಏರಿಸಿದ ಕೂಡಲೇ ಗೊತ್ತಾಗುತ್ತದೆ. ಗ್ಲೋಬಲ್ ಅರೇಯಲ್ಲಿ ಇದ್ದಿದ್ದರೆ ಮೊದಲ ಬಿಲ್ ಪ್ರಿಂಟ್ ಆಗಿ ಆಡಿಟರ್ ಕೈಗೆ ಹೋದ ಮೇಲೆ ಗೊತ್ತಾಗುತ್ತಿತ್ತು.

ಇನ್ನು ಟೆಸ್ಟ್ ಬರೆಯುವ ವಿಷಯ. ಗ್ಲೋಬಲ್ ಇದ್ದಾಗ ಬಿಲ್ ಮೊತ್ತ ಸರಿ ಇದೆಯಾ ಅಂತ ನೋಡುವ ಒಂದು ಸಣ್ಣ ಟೆಸ್ಟಿಗೂ ಇಡೀ ಕಾನ್ಫಿಗ್ ಫೈಲ್ ಎಳೆದು ತರಬೇಕು. ಅದರಲ್ಲಿ ನಿಜವಾದ ಮೇಲ್ ಸರ್ವರ್ ವಿಳಾಸ ಇದ್ದರೆ ಟೆಸ್ಟ್ ಓಡಿಸಿದಾಗೆಲ್ಲ ಗಿರಾಕಿಗೆ ಮೇಲ್ ಹೋಗುತ್ತದೆ. ಕನ್‌ಸ್ಟ್ರಕ್ಟರ್‌ನಿಂದ ಬಂದರೆ ಸುಮ್ನೆ ಒಂದು ನಕಲಿ ಮೇಲರ್ ಕೊಟ್ಟು ನೋಡಬಹುದು.

ಬಯಲುಸೀಮೆ

ನೀಲಿಪರದೆ ಮೇಡಂ, 16 ಅಕ್ಷರದ ಉದಾಹರಣೆ ಚೆನ್ನಾಗಿದೆ. ಡೆಫೈನ್‌ನಲ್ಲಿ ಆ ಚೆಕ್ ಹಾಕಲು ಜಾಗವೇ ಇಲ್ಲ ಅನ್ನುವುದು ನಿಜ.

ಆದರೂ ಒಂದು ಮಾತು ಬಿಡುವುದಿಲ್ಲ. ಸೈಟಿನ ಮೂಲ ಫೋಲ್ಡರ್ ಎಲ್ಲಿದೆ, ಆವೃತ್ತಿ ಎಷ್ಟು, ಇಂಥವು ಇಡೀ ಪ್ರೋಗ್ರಾಮಿಗೆ ಒಂದೇ. ಇದನ್ನೂ ಕನ್‌ಸ್ಟ್ರಕ್ಟರ್‌ಗಳಲ್ಲಿ ಕೊಡುತ್ತಾ ಹೋಗಬೇಕಾ?

ಸರ್ವರ್‌ಕೋಣೆ

ಇಲ್ಲ, ಅದಕ್ಕೆ ಕಾನ್‌ಸ್ಟಂಟೇ ಸರಿ. ಯಾವ ಸರ್ವರ್‌ನಲ್ಲೂ, ಯಾವ ಅಂಗಡಿಯಲ್ಲೂ ಬದಲಾಗದ್ದು ಕೋಡಿನ ಭಾಗ. ಅದನ್ನು ಸೆಟ್ಟಿಂಗ್ ಅಂತಲೇ ಕರೆಯಬೇಕಾಗಿಲ್ಲ. ಕ್ಲಾಸ್ ಕಾನ್‌ಸ್ಟಂಟ್ ಮಾಡಿದರೆ ಯಾರದ್ದು ಅಂತಲೂ ಗೊತ್ತಾಗುತ್ತದೆ.

ಕರಾವಳಿಕೋಡ್ ಅವರು ಲಾರಾವೆಲ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಕಾನ್ಫಿಗ್ ಹೆಲ್ಪರ್ ಇದೆ, ಕಂಟ್ರೋಲರ್‌ನಲ್ಲಿ ಕರೆದರೆ ಲೋಕ ಮುಳುಗುವುದಿಲ್ಲ. ಆದರೆ ನಿಮ್ಮ ಸ್ವಂತ ಕ್ಲಾಸ್‌ಗಳ ಒಳಗೆ ಬೇಡ. ಲಾರಾವೆಲ್‌ನಲ್ಲೇ ಸರ್ವೀಸ್ ಪ್ರೊವೈಡರ್ ಅಂತ ಜಾಗ ಕೊಟ್ಟಿದ್ದಾರೆ. ಕಾನ್ಫಿಗ್ ಅಲ್ಲಿ ಓದಿ, ಕ್ಲಾಸಿನ ಕನ್‌ಸ್ಟ್ರಕ್ಟರ್‌ಗೆ ಬೆಲೆ ಕೊಡಿ. ಕ್ಲಾಸಿಗೆ ಲಾರಾವೆಲ್ ಇದೆಯೋ ಇಲ್ಲವೋ ಗೊತ್ತೇ ಆಗಬಾರದು.

ಲಾರಾವೆಲ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಕಾನ್ಫಿಗ್ ಮತ್ತು ಎನ್ವ್ ಎರಡು ಹೆಲ್ಪರ್‌ಗಳಿವೆ. ಎನ್ವ್ ಓದುವುದು ಡಾಟ್ ಎನ್ವ್ ಫೈಲಿನಲ್ಲಿಟ್ಟ ಆ ಸರ್ವರ್‌ನ ಸೆಟ್ಟಿಂಗ್‌ಗಳನ್ನು. ಎನ್ವ್ ಅನ್ನು ಕಾನ್ಫಿಗ್ ಫೋಲ್ಡರಿನ ಫೈಲ್‌ಗಳಲ್ಲಿ ಮಾತ್ರ ಕರೆಯಬೇಕು. ಲೈವ್ ಸರ್ವರ್‌ನಲ್ಲಿ ಕಾನ್ಫಿಗ್ ಕ್ಯಾಶ್ ಕಮಾಂಡ್ ಓಡಿಸಿದ ಮೇಲೆ ಡಾಟ್ ಎನ್ವ್ ಫೈಲನ್ನು ಲಾರಾವೆಲ್ ಓದುವುದೇ ಇಲ್ಲ. ಆಗ ಕ್ಲಾಸ್ ಒಳಗೆ ಎನ್ವ್ ಕರೆದಿದ್ದರೆ ನಲ್ (ಏನೂ ಇಲ್ಲ ಅಂತ) ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ, ಲೈವ್‌ನಲ್ಲಿ ಮಾತ್ರ ಪೇಮೆಂಟ್ ಕೀ ಖಾಲಿ. ಹುಡುಕುವವರಿಗೆ ಅರ್ಧ ದಿನ ಹೋಗುತ್ತದೆ.

ಕರಾವಳಿಕೋಡ್

ಓಹ್, ಎನ್ವ್ ವಿಷಯ ಉಪಯೋಗಕ್ಕೆ ಬಂತು, ಧನ್ಯವಾದ. ಆದರೆ ಜಾಂಗೋ? ಅಲ್ಲಂತೂ ಎಲ್ಲರೂ ಸೆಟ್ಟಿಂಗ್ಸ್ ಇಂಪೋರ್ಟ್ ಮಾಡಿಯೇ ಬರೆಯುತ್ತಾರೆ.

ಹೊಳೆಸಾಲು

ಕೆಲಸದಲ್ಲಿ ಜಾಂಗೋ ಬಳಸುವವಳು ನಾನು. ಹೌದು, ಎಲ್ಲರೂ ಹಾಗೇ ಬರೆಯುತ್ತಾರೆ. ಅದು ಹೆಚ್ಚು ತೊಂದರೆ ಕೊಡದಿರುವುದಕ್ಕೆ ಕಾರಣ ಒಂದು ಶಿಸ್ತು: ಪ್ರೋಗ್ರಾಂ ಓಡುತ್ತಿರುವಾಗ ಸೆಟ್ಟಿಂಗ್ಸ್ ಬದಲಾಯಿಸಬೇಡಿ ಅಂತ ಜಾಂಗೋ ಡಾಕ್ಯುಮೆಂಟೇಶನ್ನಲ್ಲೇ ಇದೆ. ಟೆಸ್ಟ್‌ನಲ್ಲಿ ಬದಲಿಸಲು ಓವರ್‌ರೈಡ್ ಸೆಟ್ಟಿಂಗ್ಸ್ ಅಂತ ಬೇರೆಯೇ ಸಲಕರಣೆ ಕೊಟ್ಟಿದ್ದಾರೆ. ಒಂದು ಗ್ಲೋಬಲ್ ಇಟ್ಟುಕೊಂಡಿದ್ದಕ್ಕೆ ಅಂಥದ್ದೊಂದು ಸಲಕರಣೆ ಮಾಡಬೇಕಾಗಿ ಬಂತು ಅಂತಲೂ ನೋಡಬಹುದು. ನಮ್ಮಲ್ಲಿ ಜಾಂಗೋ ಆಪ್‌ನ ವ್ಯೂಗಳಲ್ಲಿ ಸೆಟ್ಟಿಂಗ್ಸ್ ಓದುತ್ತೇವೆ, ಲೆಕ್ಕ ಮಾಡುವ ಕ್ಲಾಸ್‌ಗಳಿಗೆ ಬೆಲೆಯನ್ನೇ ಕೊಡುತ್ತೇವೆ.

ತುಂಗಾತೀರ ಅವರ ಎರಡು ಅಂಗಡಿಯಂಥ ಕಥೆ ಜಾಂಗೋದಲ್ಲಿ ಬಂದರೂ ಸೆಟ್ಟಿಂಗ್ಸ್ ಕೆಲಸಕ್ಕೆ ಬರುವುದಿಲ್ಲ. ಅಂಗಡಿ ಅನ್ನುವುದು ಡೇಟಾಬೇಸಿನ ಒಂದು ಟೇಬಲ್ ಆಗಬೇಕಾಗುತ್ತದೆ.

ಬಯಲುಸೀಮೆ ಅವರು ರಿಕ್ವೆಸ್ಟ್ ಮುಗಿದಾಗ ಎಲ್ಲ ಅಳಿಯುತ್ತದೆ ಅಂದಿದ್ದರು. ಸಾಮಾನ್ಯವಾಗಿ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಅದು ಸರಿ. ಈಗ ಪಿಎಚ್‌ಪಿ ಓಡಿಸಲು ರೋಡ್‌ರನ್ನರ್, ಸ್ವೂಲ್, ಫ್ರಾಂಕನ್‌ಪಿಎಚ್‌ಪಿ ಬಂದಿವೆ. ಇವುಗಳ ವರ್ಕರ್‌ಗಳಲ್ಲಿ ಪ್ರೋಗ್ರಾಂ ಒಮ್ಮೆ ಶುರುವಾಗಿ ಸಾವಿರಾರು ರಿಕ್ವೆಸ್ಟ್‌ಗೆ ಅದೇ ಮೆಮೊರಿಯಲ್ಲಿ ಉತ್ತರ ಕೊಡುತ್ತದೆ. ಲಾರಾವೆಲ್ ಆಕ್ಟೇನ್ ಕೂಡ ಇವುಗಳ ಮೇಲೇ ಓಡುತ್ತದೆ. ಅಲ್ಲಿ ಸ್ಟ್ಯಾಟಿಕ್ ಪ್ರಾಪರ್ಟಿ (ಸಿಂಗಲ್‌ಟನ್ ಕೂರುವ ಜಾಗ) ಸಾಯುವುದಿಲ್ಲ. ಶಿವಮೊಗ್ಗದ ಗಿರಾಕಿಗೆ ಅಂತ ಇಟ್ಟ ಸೆಟ್ಟಿಂಗ್ ಮುಂದಿನ ರಿಕ್ವೆಸ್ಟ್‌ನಲ್ಲಿ ಹುಬ್ಬಳ್ಳಿಯವರಿಗೆ ಕಾಣಿಸುತ್ತದೆ. ನಿಮ್ಮ ಕ್ರಾನ್‌ನಲ್ಲಿ ಈಗ ಆಗುತ್ತಿರುವುದೂ ಅದೇ, ಸಣ್ಣ ಪ್ರಮಾಣದಲ್ಲಿ.

ಲೆಕ್ಕದಮನೆ

ಒಂದು ವಿಷಯ ಯಾರೂ ಎತ್ತಲಿಲ್ಲ. ಜಿಎಸ್‌ಟಿ ದರ ಕಾನ್ಫಿಗ್ ಫೈಲಿನಲ್ಲಿದೆ ಅಂದಿದ್ದೀರಿ. ದಯವಿಟ್ಟು ಅದನ್ನು ಮೊದಲು ತೆಗೆಯಿರಿ.

2025ರ ಸೆಪ್ಟೆಂಬರ್ 22ರಂದು ತುಪ್ಪ, ಬೆಣ್ಣೆಯ ದರ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಕಾನ್ಫಿಗ್‌ನಲ್ಲಿ 12 ಇದ್ದದ್ದನ್ನು 5 ಮಾಡಿದರೆ ಹೊಸ ಬಿಲ್ ಸರಿ ಬರುತ್ತದೆ. ಆದರೆ ಗಿರಾಕಿ ಆಗಸ್ಟ್ ತಿಂಗಳ ಹಳೇ ಬಿಲ್ ಮತ್ತೆ ಡೌನ್‌ಲೋಡ್ ಮಾಡಿದರೆ? ಬಿಲ್ ಕ್ಲಾಸ್ ಕಾನ್ಫಿಗ್ ಓದಿ ಶೇ 5 ಹಾಕಿ ಲೆಕ್ಕ ಮಾಡುತ್ತದೆ. ನೀವು ರಿಟರ್ನ್‌ನಲ್ಲಿ ತೋರಿಸಿದ ಮೊತ್ತ ಒಂದು, ಗಿರಾಕಿ ಕೈಯಲ್ಲಿರುವ ಬಿಲ್ ಇನ್ನೊಂದು. ಸಾಮಾನು ವಾಪಸ್ ಬಂದು ಕ್ರೆಡಿಟ್ ನೋಟ್ ಮಾಡುವಾಗ ಇನ್ನೂ ಕಷ್ಟ.

ದರ ಅನ್ನುವುದು ದಿನಾಂಕದ ಜೊತೆ ಇರಬೇಕಾದ ಮಾಹಿತಿ. ಒಂದು ಟೇಬಲ್ ಮಾಡಿ: ಎಚ್‌ಎಸ್‌ಎನ್ ಕೋಡ್ (ಸಾಮಾನಿನ ವರ್ಗದ ಸಂಖ್ಯೆ), ದರ, ಯಾವತ್ತಿನಿಂದ. ಬಿಲ್ ಹಾಕಿದ ದಿನದ ದರ ತೆಗೆದು ಬಿಲ್ಲಿನ ಸಾಲಿನಲ್ಲೇ ಬರೆದಿಡಿ. ಆಮೇಲೆ ಯಾರೂ ಅದನ್ನು ಮತ್ತೆ ಲೆಕ್ಕ ಮಾಡಬಾರದು.

ಉಚಿತ ಡೆಲಿವರಿ ಮಿತಿಯಂಥದ್ದೂ ಅಷ್ಟೇ. ಮಾಲೀಕರು ದೀಪಾವಳಿಗೆ ಬದಲಾಯಿಸಿ ಅನ್ನುತ್ತಾರೆ. ಅದಕ್ಕಾಗಿ ಕೋಡ್ ಬರೆಯುವವರು ಸರ್ವರ್ ಮುಟ್ಟಬೇಕಾ? ಅಡ್ಮಿನ್ ಪುಟದಲ್ಲಿ ಅವರೇ ಬದಲಾಯಿಸುವಂತಿರಲಿ.

ನೀಲಿಪರದೆ

ಲೆಕ್ಕದಮನೆ ಅವರು ಹೇಳಿದ್ದು ಈ ಚರ್ಚೆಗೆ ತುಂಬಾ ಬೇಕಿತ್ತು. ದಿನಾಂಕ ಬಂದಿತಲ್ಲ, ಟೈಮ್‌ಝೋನ್ ಕೂಡ ನೋಡಿಕೊಳ್ಳಿ. ಪಿಎಚ್‌ಪಿಯಲ್ಲಿ ಏನೂ ಹೇಳದಿದ್ದರೆ ಯುಟಿಸಿ (ಅಂತರರಾಷ್ಟ್ರೀಯ ಸಮಯ). ಅಕ್ಟೋಬರ್ 1ರ ಬೆಳಗಿನ ಜಾವ 3 ಗಂಟೆಗೆ ಬಂದ ಆರ್ಡರ್ ಯುಟಿಸಿಯಲ್ಲಿ ಸೆಪ್ಟೆಂಬರ್ 30, ರಾತ್ರಿ 9:30. ಬಿಲ್ ಹಿಂದಿನ ತಿಂಗಳ ಲೆಕ್ಕಕ್ಕೆ ಹೋಗುತ್ತದೆ. ಏಷ್ಯಾ/ಕೋಲ್ಕತಾ ಅಂತ ಆ ಜೋಡಿಸುವ ಫೈಲಿನ ಮೊದಲ ಸಾಲಲ್ಲೇ ಹೇಳಿಬಿಡಿ.

ಹಳೇಟರ್ಮಿನಲ್

ಸೆಟ್ಟಿಂಗ್ ಎಲ್ಲಿಂದ ಓದಬೇಕು ಅನ್ನುವ ಕಡೆಗೂ ಸ್ವಲ್ಪ ಬನ್ನಿ.

ಪಾಸ್‌ವರ್ಡ್, ಎಪಿಐ ಕೀ ಗಿಟ್‌ನಲ್ಲಿ (ಕೋಡಿನ ಹಿಸ್ಟರಿ ಇಡುವ ಸಲಕರಣೆಯಲ್ಲಿ) ಇರಬಾರದು. ಹೆರೋಕು ಕಂಪನಿಯವರು 2011ರ ಹೊತ್ತಿಗೆ ಬರೆದ ಹನ್ನೆರಡು ಅಂಶಗಳ ಪದ್ಧತಿಯಲ್ಲಿ ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ: ಈಗಿಂದೀಗಲೇ ನಿಮ್ಮ ಕೋಡನ್ನು ಎಲ್ಲರಿಗೂ ತೆರೆದಿಟ್ಟರೆ ಯಾವ ಪಾಸ್‌ವರ್ಡೂ ಬಯಲಾಗಬಾರದು. ಒಮ್ಮೆ ಕಮಿಟ್ ಆಗಿದ್ದರೆ ಫೈಲ್ ಅಳಿಸಿದರೆ ಸಾಲದು, ಹಿಸ್ಟರಿಯಲ್ಲಿ ಉಳಿದಿರುತ್ತದೆ. ಕೀ ಬದಲಾಯಿಸಲೇಬೇಕು.

ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಕೋಡಿನ ಹೊರಗೆ, ಸರ್ವರ್‌ನಲ್ಲೇ ಇಡುವ ಸೆಟ್ಟಿಂಗ್) ಹೋಗುವವರು ಇದನ್ನು ತಿಳಿದಿರಬೇಕು: ಅಲ್ಲಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಬರೀ ಪಠ್ಯ. ಡೀಬಗ್ ಅಂತ ಒಂದು ವೇರಿಯಬಲ್‌ಗೆ 'ಫಾಲ್ಸ್' ಅಂತ ಬರೆದು, ಪಿಎಚ್‌ಪಿಯಲ್ಲಿ ಗೆಟ್‌ಎನ್ವ್ ಮಾಡಿ, ಇಫ್‌ಗೆ ಹಾಕಿ ನೋಡಿ. ಒಳಗೆ ಹೋಗುತ್ತದೆ! ಖಾಲಿ ಸ್ಟ್ರಿಂಗ್ ಮತ್ತು '0' ಎರಡು ಬಿಟ್ಟು ಉಳಿದ ಎಲ್ಲ ಸ್ಟ್ರಿಂಗೂ ಟ್ರೂ. ಡೀಬಗ್ ಆಫ್ ಮಾಡಿದ್ದೇವೆ ಅಂದುಕೊಂಡು ಲೈವ್ ಸೈಟಿನಲ್ಲಿ ಎರರ್ ಪುಟ ತೋರಿಸುತ್ತಿರುತ್ತೇವೆ. ಫಿಲ್ಟರ್‌ವಾರ್ ಫಂಕ್ಷನ್‌ಗೆ ವ್ಯಾಲಿಡೇಟ್ ಬೂಲಿಯನ್ ಕೊಟ್ಟು ಬದಲಾಯಿಸಿ. ಲಾರಾವೆಲ್‌ನ ಎನ್ವ್ ಹೆಲ್ಪರ್ ಇದನ್ನು ತಾನೇ ಮಾಡಿಕೊಡುತ್ತದೆ, ಬರೀ ಪಿಎಚ್‌ಪಿ ಮಾಡುವುದಿಲ್ಲ.

ಸೆಟ್ಟಿಂಗ್ಸ್ ಒಂದೇ ಕಡೆ ಓದಬೇಕು ಅನ್ನುವುದಕ್ಕೆ ನನಗೆ ಇದೇ ದೊಡ್ಡ ಕಾರಣ. ಇಪ್ಪತ್ತು ಕ್ಲಾಸ್ ತಾವೇ ಎನ್ವಿರಾನ್‌ಮೆಂಟ್ ಓದುತ್ತಿದ್ದರೆ ಇಪ್ಪತ್ತು ಕಡೆ ಈ ತಪ್ಪಿಗೆ ಜಾಗ.

ಡಾಟ್ ಎನ್ವ್, ಡಾಟ್ ಐಎನ್‌ಐ ಫೈಲ್‌ಗಳನ್ನು ವೆಬ್‌ರೂಟ್ ಹೊರಗೆ ಇಡಿ. ಪಬ್ಲಿಕ್ ಫೋಲ್ಡರಿನಲ್ಲಿದ್ದರೆ ಬ್ರೌಸರ್‌ನಲ್ಲಿ ಹೆಸರು ಹೊಡೆದವರಿಗೆ ಹಾಗೇ ಸಿಗಬಹುದು. ಹುಡುಕುವ ಬಾಟ್‌ಗಳು ಹಗಲೂ ರಾತ್ರಿ ಇದನ್ನೇ ಮಾಡುತ್ತಿರುತ್ತವೆ, ಆಕ್ಸೆಸ್ ಲಾಗ್ ತೆರೆದು ನೋಡಿ. ಪಾಸ್‌ವರ್ಡ್ ತೆಗೆದುಕೊಳ್ಳುವ ಪ್ಯಾರಾಮೀಟರ್ ಮೇಲೆ ಸೆನ್ಸಿಟಿವ್ ಪ್ಯಾರಾಮೀಟರ್ ಅನ್ನೋ ಆಟ್ರಿಬ್ಯೂಟ್ ಹಾಕಿ. 8.2ರಲ್ಲಿ ಬಂದದ್ದು. ಎಕ್ಸೆಪ್ಶನ್ ಬಂದಾಗ ಸ್ಟ್ಯಾಕ್ ಟ್ರೇಸ್‌ನಲ್ಲಿ ಅದರ ಬೆಲೆ ಮುಚ್ಚಿಹೋಗುತ್ತದೆ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ದಾರಿ ಕಾಣಿಸಿತು. ಈಗ ಕೆಲಸದ ಪ್ರಶ್ನೆ. 'ಗ್ಲೋಬಲ್ ಕಾನ್ಫಿಗ್' ಸಾಲು ನೂರಾರು ಕಡೆ ಇದೆ. ಅಂಗಡಿ ದಿನಾ ನಡೆಯುತ್ತಿರಬೇಕು. ಒಮ್ಮೆಗೇ ಎಲ್ಲ ಬದಲಾಯಿಸಲು ಧೈರ್ಯ ಇಲ್ಲ. ಎಲ್ಲಿಂದ ಶುರು ಮಾಡಲಿ?

ಸರ್ವರ್‌ಕೋಣೆ

ಒಮ್ಮೆಗೇ ಮಾಡುವುದು ಬೇಡವೇ ಬೇಡ.

ಯಾರನ್ನೂ ನ್ಯೂ ಮಾಡದ, ತುದಿಯಲ್ಲಿರುವ ಕ್ಲಾಸಿನಿಂದ ಶುರು ಮಾಡಿ. ನಿಮ್ಮಲ್ಲಿ ಅದು ಮೇಲರ್. ಅದರ ಎಲ್ಲ ಮೆಥಡ್‌ಗಳಲ್ಲೂ ಯಾವ ಯಾವ ಕೀ ಓದುತ್ತಿದೆ ಅಂತ ಬರೆದುಕೊಳ್ಳಿ. ಅಷ್ಟೇ ಬೆಲೆಗಳಿರುವ ಮೇಲರ್‌ಸೆಟ್ಟಿಂಗ್ಸ್ ಮಾಡಿ. ಮೇಲರ್ ಕನ್‌ಸ್ಟ್ರಕ್ಟರ್‌ಗೆ ಅದನ್ನು ಪ್ಯಾರಾಮೀಟರ್ ಆಗಿ ಸೇರಿಸಿ, ಆದರೆ ಸದ್ಯಕ್ಕೆ ನಲ್ ಕೂಡ ಇರಬಹುದು ಅನ್ನಿ. ನಲ್ ಬಂದರೆ ಹಳೇ ಗ್ಲೋಬಲ್‌ನಿಂದ ಕಟ್ಟಿಕೊಳ್ಳಲಿ. ಮೆಥಡ್‌ಗಳ ಒಳಗಿನ ಗ್ಲೋಬಲ್ ಸಾಲುಗಳನ್ನು ತೆಗೆದು ಪ್ರಾಪರ್ಟಿಯಿಂದ ಓದಿ. ಈಗ ಹಳೇ ಕೋಡ್ ಎಲ್ಲ ಹಾಗೇ ಓಡುತ್ತದೆ, ಗ್ಲೋಬಲ್ ಮುಟ್ಟುವ ಜಾಗ ಆ ಕ್ಲಾಸಿನಲ್ಲಿ ಒಂದೇ ಉಳಿಯಿತು.

ಆ ನಲ್ ದಾರಿಯಲ್ಲಿ ಟ್ರಿಗರ್ ಎರರ್ ಕರೆದು ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಅಂತ ಲಾಗ್ ಮಾಡಿಸಿ. ಯಾವ ಪುಟದಿಂದ ಹಳೇ ರೀತಿ ಕರೆಯುತ್ತಿದ್ದಾರೆ ಅಂತ ಲಾಗ್ ತಾನೇ ಹೇಳುತ್ತದೆ. ಒಂದೊಂದಾಗಿ ಸರಿಮಾಡಿ. ಲಾಗ್ ಸುಮ್ಮನಾದ ಮೇಲೆ ನಲ್ ತೆಗೆದುಹಾಕಿ. ತಿಂಗಳ ಕೊನೆಗೆ, ವರ್ಷಕ್ಕೊಮ್ಮೆ ಓಡುವ ಕೆಲಸಗಳಿದ್ದರೆ ಅವನ್ನು ಕೈಯಿಂದ ಓಡಿಸಿ ನೋಡಲು ಮರೆಯಬೇಡಿ, ಇಲ್ಲದಿದ್ದರೆ ಮಾರ್ಚ್ 31ರ ರಾತ್ರಿ ಮುರಿಯುತ್ತದೆ.

ಆಮೇಲೆ ಎಸ್‌ಎಂಎಸ್, ಆಮೇಲೆ ಡೇಟಾಬೇಸ್. ಬಿಲ್ ಕೊನೆಗೆ. ನೀವು ಬಿಲ್ಲಿಗೆ ಬರುವ ಹೊತ್ತಿಗೆ ಅದಕ್ಕೆ ಬೇಕಾದ ಮೇಲರ್, ಕನೆಕ್ಷನ್ ತಯಾರಾಗಿರುತ್ತವೆ, ಕೈಗೆ ಕೊಡುವುದಷ್ಟೇ ಉಳಿದಿರುತ್ತದೆ.

ಕ್ರಾನ್ ಮಾತ್ರ ಈಗಲೇ ಸರಿಮಾಡಿಕೊಳ್ಳಬಹುದು. ಮೇಲರ್ ಮುಗಿದ ದಿನವೇ ಅಂಗಡಿಗೊಂದು ಮೇಲರ್ ಮಾಡಿ ಲೂಪ್ ಒಳಗೆ ಬಳಸಿ.

ಬಯಲುಸೀಮೆ

ಈ ನಲ್ ದಾರಿ ನನಗೂ ಒಪ್ಪಿಗೆ. ನಮ್ಮ ಒಂದು ಹಳೇ ಆಪ್ ಕೂಡ ಹೀಗೇ ಶುರು ಮಾಡಬಹುದು ಅನ್ನಿಸಿತು. ಸಣ್ಣ ಸ್ಕ್ರಿಪ್ಟ್‌ಗಳಿಗೆ ಡೆಫೈನ್ ಬಳಸುವುದನ್ನು ಮಾತ್ರ ಬಿಡುವುದಿಲ್ಲ.

ತುಂಗಾತೀರ

ಮೇಲರ್ ಮುಗಿಯಿತು. ಕ್ರಾನ್‌ನಿಂದ ಎರಡೂ ವರದಿ ಸರಿಯಾದ ವಿಳಾಸದಿಂದ ಹೋಗುತ್ತಿವೆ. ಜಿಎಸ್‌ಟಿ ದರದ ಟೇಬಲ್ ಮಾಡುತ್ತಿದ್ದೇನೆ, ಲೆಕ್ಕದಮನೆ ಅವರಿಗೆ ವಿಶೇಷ ಧನ್ಯವಾದ.

ಎಸ್‌ಎಂಎಸ್‌ಗೆ ಬಂದಾಗ ಒಂದು ಕಡೆ ನಿಂತೆ. ಡಿಎಲ್‌ಟಿಯಲ್ಲಿ ಪ್ರತಿ ಮೆಸೇಜಿಗೂ ಒಂದು ಟೆಂಪ್ಲೇಟ್ ಐಡಿ ಇದೆ. ಆರ್ಡರ್ ಬಂತು, ಸಾಮಾನು ಹೊರಟಿತು, ಒಟಿಪಿ, ಹೀಗೆ. ಇವೆಲ್ಲ ಈಗ ಕಾನ್ಫಿಗ್‌ನಲ್ಲಿವೆ, ಮೆಸೇಜಿನ ಪಠ್ಯ ಮಾತ್ರ ಕ್ಲಾಸ್ ಒಳಗಿದೆ. ಐಡಿಗಳನ್ನೂ ಎಸ್‌ಎಂಎಸ್‌ಸೆಟ್ಟಿಂಗ್ಸ್ ಒಳಗೆ ಹಾಕಬೇಕಾ?

ಹಳೇಟರ್ಮಿನಲ್

ಬೇಡ. ಪಠ್ಯ ಒಂದು ಅಕ್ಷರ ಬದಲಾದರೂ ಹೊಸದಾಗಿ ಒಪ್ಪಿಗೆ ತೆಗೆದುಕೊಳ್ಳಬೇಕು. ಅಂದಮೇಲೆ ಪಠ್ಯ ಮತ್ತು ಐಡಿ ಒಟ್ಟಿಗೇ ಬದಲಾಗುವವು, ಒಂದೇ ಕಡೆ ಇರಲಿ. ಮೆಸೇಜಿಗೊಂದು ಪುಟ್ಟ ಕ್ಲಾಸ್, ಅದರಲ್ಲಿ ಪಠ್ಯ, ಪಕ್ಕದಲ್ಲೇ ಐಡಿ. ಟೆಂಪ್ಲೇಟ್ ಐಡಿ ಗುಟ್ಟಿನ ವಿಷಯವಲ್ಲ, ಗಿಟ್‌ನಲ್ಲಿದ್ದರೆ ತೊಂದರೆ ಇಲ್ಲ. ಎರಡನ್ನೂ ಒಂದೇ ಕಮಿಟ್‌ನಲ್ಲಿ ಬದಲಾಯಿಸಬಹುದು, ಮೆಸೇಜ್ ಯಾಕೆ ರಿಜೆಕ್ಟ್ ಆಯಿತು ಅಂತ ಹುಡುಕುವಾಗಲೂ ಒಂದೇ ಫೈಲ್ ನೋಡಿದರೆ ಸಾಕು.

ಗೇಟ್‌ವೇ ಕೀ ಎನ್ವಿರಾನ್‌ಮೆಂಟ್‌ನಲ್ಲಿ. ಎಂಟಿಟಿ ಐಡಿ, ಹೆಡರ್ ಎಸ್‌ಎಂಎಸ್‌ಸೆಟ್ಟಿಂಗ್ಸ್‌ನಲ್ಲಿ. ಎರಡೂ ಅಂಗಡಿ ಒಂದೇ ಸಂಸ್ಥೆಯ ಹೆಸರಲ್ಲಿ ನೋಂದಣಿ ಆಗಿದ್ದರೆ ಎಂಟಿಟಿ ಐಡಿ ಒಂದೇ ಇರುತ್ತದೆ, ಒಂದೇ ಆಬ್ಜೆಕ್ಟ್ ಇಬ್ಬರಿಗೂ ಕೊಡಿ.

ತುಂಗಾತೀರ

ಒಂದೇ ಸಂಸ್ಥೆ, ಒಂದೇ ಐಡಿ. ಹಾಗಾದರೆ ಎಸ್‌ಎಂಎಸ್ ಆಬ್ಜೆಕ್ಟ್ ಒಂದೇ, ಮೇಲರ್ ಎರಡು. ನಾಳೆ ಇದನ್ನೇ ಕೂರಿಸುತ್ತೇನೆ.